ಮೂರನೆಯ ದಾಂಡಿಗ ವಲೇರಿಯನ್ ಪೊರ್ಬುಗಳು

ಶುಕ್ರವಾರ ಬೆಳಿಗ್ಗೆ ಆಟದ ಅಂಗಿಯ ಗುಂಡಿ ಹಾಕಿಕೊಳ್ಳಲು ವಲೇರಿಯನ್ ಪೊರ್ಬುಗಳಿಗೆ ಆಗುತ್ತಿರಲಿಲ್ಲ. ಬೆರಳುಗಳು ಅಷ್ಟು ನಡುಗುತ್ತಿದ್ದವು. ದುಬೈಯ ಕರಾಮದ ನಮ್ಮ ಕೋಣೆಯಲ್ಲಿ ಅವರ ಎದುರು ನಿಂತು ನಾನೇ ಗುಂಡಿ ಹಾಕುತ್ತಿದ್ದೆ. ಆರಡಿ ಎತ್ತರದ, ಐವತ್ತರ ಹತ್ತಿರದ ಆ ಮನುಷ್ಯ ಶಾಲೆಗೆ ಹೊರಟ ಮಗುವಿನ ಹಾಗೆ ಗಲ್ಲ ಎತ್ತಿ ಕೇಳುತ್ತಿದ್ದರು: "ಇವತ್ತು ಎಂತದ್ದೂ ಆಗುವುದಿಲ್ಲ ಅಲ್ವಾ ಸುಧಾಕರ?"

ಎರಡು ಗಂಟೆ ಕಳೆದರೆ ಅದೇ ಮನುಷ್ಯ ಮುಹೈಸ್ನಾದ ಮರಳು ಮೈದಾನದಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದು ನಿಂತಿರುತ್ತಿದ್ದರು. ಚೆಂಡು ಬೇಲಿ ದಾಟಿ, ಆಚೆ ಸಾಲಾಗಿ ನಿಂತ ಲಾರಿಗಳ ಮೇಲೆ ಢಂ ಎಂದು ಬೀಳುತ್ತಿತ್ತು. ಹೊಡೆದ ಮೇಲೂ ಅವರಿಗೆ ಸಮಾಧಾನವಿಲ್ಲ. ಓಡುತ್ತಲೇ ನನ್ನತ್ತ ಕೂಗುತ್ತಿದ್ದರು: "ಲಾರಿಯ ಗ್ಲಾಸ್ ಹೋಯಿತಾ ನೋಡು ಮಾರಾಯ."

ನಮ್ಮ ಊರ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳೇ ಎಂದು ಕರೆಯುವುದು ರೂಢಿ. ನಾನು ಉಡುಪಿಯವನು, ಅವರು ಕಿನ್ನಿಗೋಳಿಯವರು. ದುಬೈಗೆ ಬಂದ ಮೊದಲ ವಾರ ಅವರ ಪಕ್ಕದ ಮಂಚ ನನಗೆ ಸಿಕ್ಕಿದಾಗಿನಿಂದ ನನಗೆ ಅವರು ಪೊರ್ಬುಗಳೇ. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ನಾನು ವೀಸಾ, ಲೇಬರ್ ಕಾರ್ಡುಗಳ ಅರಬ್ಬಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಯಲ್ಲಿದ್ದೆ. ಪಾಸ್‌ಪೋರ್ಟಿನ ನಕಲನ್ನು ಪೊರ್ಬುಗಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸದಾ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವರು. ಮೆಟ್ರೋ ಸ್ಟೇಷನ್‌ವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬರುವರು. ಮನೆಯಿಂದ ಹೆಂಡತಿಯ ಫೋನು ಬಂದರೆ ಹಲೋ ಎನ್ನುವ ಮೊದಲೇ "ಎಂತ ಆಯಿತು?" ಎಂದು ಕೇಳುವರು.

ಕಾಲೇಜಿನಲ್ಲಿ ಒಬ್ಬ ದೈಹಿಕ ಶಿಕ್ಷಕರು ಇದ್ದೊಂದು ಬ್ಯಾಟಿನಲ್ಲಿ ಅವರಿಗೆ ಈ ಆಟ ಕಲಿಸಿದ್ದರಂತೆ. ದುಬೈಯಲ್ಲಿ ಫಿಲಿಪೈನ್ಸಿನವರ ತಂಡವೊಂದು ಅವರನ್ನು ಸೇರಿಸಿಕೊಂಡಿತು. ಅರಬ್ಬಿ ಬರೆಯುವ ನನ್ನ ಕೈ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಸ್ಕೋರು ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ತಂಡದಲ್ಲಿ ಮೂರನೆಯವರಾಗಿ ಪೊರ್ಬುಗಳು, ನಾಲ್ಕನೆಯವನಾಗಿ ರೊಮೆಲ್ ಬ್ಯಾಟು ಹಿಡಿಯುತ್ತಿದ್ದರು. ರೊಮೆಲ್ ಮೂವತ್ತು ದಾಟಿದ ಏಸಿ ಮೆಕ್ಯಾನಿಕ್. ಕುಳ್ಳ, ಭುಜ ಮಾತ್ರ ಕಲ್ಲು. ಪೊರ್ಬುಗಳನ್ನು ಅವನು 'ಕೂಯ' ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಅಣ್ಣ ಎಂದು. ಚೆಂಡೆಸೆಯುವವನಿಗೆ ಈ ಜೋಡಿಯಿಂದ ಬಿಡುಗಡೆಯೇ ಇರಲಿಲ್ಲ. ಪೊರ್ಬುಗಳಿಗೆ ಹೆದರಿ ಚೆಂಡನ್ನು ದೂರ ಎಸೆದರೆ ಅವರು ಹೊಡೆಯದೆಯೇ ಪುಕ್ಕಟೆ ಮೊದಲ ಬೇಸ್‌ಗೆ ನಡೆದು ಹೋಗುವರು, ಎದುರಿಗೆ ರೊಮೆಲ್ ಬಂದು ನಿಲ್ಲುವನು. ಒಂದು ಶುಕ್ರವಾರ ಇಬ್ಬರೂ ಒಬ್ಬರ ಹಿಂದೆ ಒಬ್ಬರಂತೆ ಬೇಲಿಯಾಚೆ ಹೊಡೆದರು. ಮತ್ತೆ ಸರದಿ ಬಂದಾಗ ಮತ್ತೊಮ್ಮೆ ಹಾಗೆಯೇ ಹೊಡೆದರು. ನಾನು ಪುಸ್ತಕದಲ್ಲಿ ಬರೆದದ್ದನ್ನು ಎದುರಾಳಿ ತಂಡದವರು ಬಂದು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡು ಹೋದರು.

ಅವತ್ತು ಬಸ್ಸಿನಲ್ಲಿ ಪೊರ್ಬುಗಳು ನಮಗೆ ಅಮೆರಿಕದ ಹಳೆಯ ಜೋಡಿಯೊಂದರ ಕಥೆ ಹೇಳಿದರು. ಒಂದೇ ತಂಡದ ಇಬ್ಬರು ದಾಂಡಿಗರು ಒಂದೇ ಬೇಸಿಗೆಯಲ್ಲಿ ಬೇಲಿಯಾಚೆಯ ಹೊಡೆತಗಳ, ಅಂದರೆ ಹೋಮ್ ರನ್‌ಗಳ, ಒಂದೇ ದಾಖಲೆಯ ಬೆನ್ನು ಹತ್ತಿದ್ದರು. ಜನರೆಲ್ಲ ಒಬ್ಬನ ಕಡೆ. ಅವನು ಕಾಯಿಲೆ ಬಿದ್ದು ಹಿಂದುಳಿದ. ಯಾರಿಗೂ ಬೇಡವಾಗಿದ್ದ ಇನ್ನೊಬ್ಬ ಕೊನೆಗೆ ದಾಖಲೆ ಮುರಿದ. ಅಷ್ಟರಲ್ಲಿ ಚಿಂತೆಯಿಂದ ಅವನ ತಲೆಗೂದಲು ಹಿಡಿ ಹಿಡಿ ಉದುರಿತ್ತಂತೆ.

"ಇಬ್ಬರಿಗೂ ಜಗಳ ಅಂತ ಪೇಪರಿನವರು ಬರೆದದ್ದು. ಸುಳ್ಳು. ಇಬ್ಬರೂ ಒಂದೇ ಮನೆಯಲ್ಲಿ ಇದ್ದರು, ನಾವು ಗಲ್ಫಿನವರು ಇರುವ ಹಾಗೆಯೇ," ಎಂದರು. ಬಸ್ಸು ಇಳಿಯುವಾಗ, "ಹೊಡೆಯುವವನಿಗೂ ಹೆದರಿಕೆ ಉಂಟು ಮಾರಾಯ. ಹೇಳುವುದಿಲ್ಲ ಅಷ್ಟೆ," ಎಂದರು.

ಅವರು ಹೆದರುತ್ತಿದ್ದುದು ಒಂದು ದಿನ ನಡೆದೇ ಹೋಯಿತು. ಪೊರ್ಬುಗಳ ಹಿರಿಯ ಮಗಳು ಶರಲ್‌ಳ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಟಿಕೆಟ್ ಆಗಿತ್ತು. ಆ ಶುಕ್ರವಾರ ಸೆಕೆ ಬಹಳವಿತ್ತು. ಪೊರ್ಬುಗಳು ಬ್ಯಾಟು ಹಿಡಿದಿದ್ದರು. ಮುಂದಿನ ಸರದಿ ರೊಮೆಲ್‌ನದು. ಅವನು ಬೆವರಿನಿಂದ ಒದ್ದೆಯಾದ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಿಲ್ಲಬೇಕಾದ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ಬಂದು ಎಸೆಯುವವನ ಕೈಯನ್ನು ನೋಡುತ್ತಿದ್ದ. ಪೊರ್ಬುಗಳು ಒಂದು ಗಳಿಗೆ ಬೇಗ ಬೀಸಿದರು. ಚೆಂಡು ಗೆರೆಯ ಹೊರಗೆ ನೇರವಾಗಿ ಹಾರಿತು. ಹಸಿ ತೆಂಗಿನಕಾಯಿಗೆ ಕತ್ತಿ ಬಿದ್ದಂಥ ಸದ್ದು ಕೇಳಿಸಿತು. ರೊಮೆಲ್ ಮೊಣಕಾಲೂರಿ ಕುಳಿತ, ಆಮೇಲೆ ಮಗ್ಗುಲಿಗೆ ಬಿದ್ದ. ಎಡಗಣ್ಣಿನ ಜಾಗ ರಕ್ತ.

ಇಂಥ ಗಾಯವಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಸಂಜೆಯೊಳಗೆ ಒಬ್ಬ ಅಧಿಕಾರಿ ಬಂದರು. ಮಾತು ಒರಟಾಗಿರಲಿಲ್ಲ. ಗಾಯಗೊಂಡವನು ಹೇಳಿಕೆ ಕೊಡುವವರೆಗೆ ಪೊರ್ಬುಗಳ ಪಾಸ್‌ಪೋರ್ಟ್ ತಮ್ಮ ಬಳಿ ಇರಬೇಕು, ದೇಶ ಬಿಡುವ ಹಾಗಿಲ್ಲ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಪೊರ್ಬುಗಳು ಮದುವೆಯ ಮಾತೇ ಎತ್ತಲಿಲ್ಲ. "ಕಣ್ಣು ಉಳಿಯುತ್ತದಾ ಕೇಳು," ಎಂದರು.

ಮರುದಿನ ರೊಮೆಲ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಪೊರ್ಬುಗಳು ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಒಳಗೆ ಮಾತ್ರ ಹೋಗಲಿಲ್ಲ. ಊರಿನಿಂದ ದಿನಕ್ಕೆ ಹತ್ತು ಸಲ ಫೋನು. ಹೆಂಡತಿಗೆ ಅವರು ಇದ್ಯಾವುದನ್ನೂ ಹೇಳಿರಲಿಲ್ಲ. ಮದುವೆಯ ಹಿಂದಿನ ದಿನ ಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಯಾರು ಯಾರನ್ನು ಕರೆಯಬೇಕು ಎಂದು ಆಕೆ ಕೇಳಿದರೆ, "ಎಲ್ಲರನ್ನೂ ಕರಿ," ಎಂದು ಫೋನು ಇಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಇದು ಆಕಸ್ಮಿಕ, ಯಾರ ಮೇಲೂ ದೂರಿಲ್ಲ ಎಂದು ಅರಬ್ಬಿಯಲ್ಲಿ ಅಂಗಡಿಯಲ್ಲೇ ಒಂದು ಹೇಳಿಕೆ ಟೈಪ್ ಮಾಡಿ ತಂದೆ. ಪೊರ್ಬುಗಳು ಅದನ್ನು ನೋಡಿ ಮುಖ ತಿರುಗಿಸಿದರು.

"ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿದವನ ಕೈಗೆ ಕಾಗದ ಕೊಡುವುದಾ? ಬೇಡ."

ಐದನೆಯ ದಿನ ಅವರು ಚಹಾ ಕುಡಿಯಲು ಎದ್ದಾಗ ಕಾಗದ ಮಡಚಿಕೊಂಡು ನಾನೇ ಒಳಗೆ ಹೋದೆ. ರೊಮೆಲ್‌ನ ಮುಖ ಊದಿತ್ತು. ನಾನು ವಿಷಯ ಹೇಳಿದೆ. ನಮ್ಮ ನಡುವೆ ಇದ್ದ ಅರೆಬರೆ ಹಿಂದಿಯಲ್ಲಿ ಅವನು ನಿಧಾನವಾಗಿ ಹೇಳಿದ: "ನೀನು ಕಾಗದ ತಂದೆ. ಕೂಯ ಒಂದು ಸಲವೂ ಬರಲಿಲ್ಲ. ಐದು ದಿನ ಆಯಿತು. ನನ್ನ ಕಣ್ಣು ಹೋಯಿತು ಅಂತ ಅವರಿಗೆ ಗೊತ್ತಾ?"

"ಅವರು ಐದು ದಿನದಿಂದ ಈ ಬಾಗಿಲ ಹೊರಗೇ ಇದ್ದಾರೆ," ಎಂದೆ.

ಅವನು ಬಾಗಿಲ ಕಡೆ ಮುಖ ತಿರುಗಿಸಿದ. ಆಮೇಲೆ "ಕರಿ," ಎಂದ.

ಪೊರ್ಬುಗಳನ್ನು ತೋಳು ಹಿಡಿದು ಎಳೆದು ತರಬೇಕಾಯಿತು. ಮಂಚದ ಕಾಲ ಬಳಿ ನಿಂತರು, ಹತ್ತಿರ ಹೋಗಲಿಲ್ಲ.

"ನಿನ್ನ ಮುಖ ನೋಡಲು ಹೆದರಿಕೆ ಆಯಿತು ರೊಮೆಲ್," ಎಂದರು.

"ನನಗೂ ಕನ್ನಡಿ ನೋಡಲು ಹೆದರಿಕೆ," ಎಂದ ರೊಮೆಲ್. "ಕುಳಿತುಕೊಳ್ಳಿ ಕೂಯ."

ಅಧಿಕಾರಿಯನ್ನು ಕರೆಸಿದೆವು. ರೊಮೆಲ್ ತನ್ನದೇ ತಪ್ಪು, ಹೆಲ್ಮೆಟ್ ತೆಗೆದೆ, ಮುಂದೆ ಬಂದು ನಿಂತೆ ಎಂದ. ನಾನು ಅದನ್ನು ಅರಬ್ಬಿಗೆ ತಿರುಗಿಸುವಷ್ಟರಲ್ಲಿ ಪೊರ್ಬುಗಳು ಎದ್ದು ನಿಂತರು. "ಹಾಗೆ ಬರೆಯಬೇಡ ಸುಧಾಕರ. ನಾನು ಬೇಗ ಬೀಸಿದ್ದು. ಅದನ್ನೂ ಹೇಳು." ಹೇಳಿದರೆ ಪಾಸ್‌ಪೋರ್ಟ್ ಸಿಗುತ್ತದೋ ಇಲ್ಲವೋ. ಹೇಳದೆ ಬಿಟ್ಟರೆ ಅವರು ಬಿಡುವವರಲ್ಲ. ಹೇಳಿದೆ. ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ತಪ್ಪು ತನ್ನದು ಎಂದು ಇಬ್ಬರೂ ಜಗಳವಾಡುವುದನ್ನು ತಾನು ಮೊದಲ ಸಲ ನೋಡುತ್ತಿದ್ದೇನೆ ಎಂದು ಗೊಣಗಿ, ಬರೆದದ್ದರ ಕೆಳಗೆ ಇಬ್ಬರ ಸಹಿಯನ್ನೂ ಹಾಕಿಸಿಕೊಂಡರು. ಆಯಿತು, ಇಲ್ಲಿಗೆ ಮುಗಿಯಿತು ಎನ್ನುವಂತೆ "ಯಲ್ಲಾ, ಖಲಾಸ್," ಎಂದು ಎದ್ದರು. ಪಾಸ್‌ಪೋರ್ಟ್ ಕೈಗೆ ಬಂದದ್ದು ವಿಮಾನದ ಹಿಂದಿನ ದಿನ ಮಧ್ಯಾಹ್ನ.

ಮದುವೆ ಮುಗಿಸಿ ಬಂದ ಪೊರ್ಬುಗಳು ಮತ್ತೆ ಬ್ಯಾಟು ಮುಟ್ಟಲಿಲ್ಲ. ರೊಮೆಲ್‌ನ ಎಡಗಣ್ಣಿಗೆ ಬೆಳಕು, ನೆರಳು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಏಸಿ ಕೆಲಸ ಹೇಗೋ ನಡೆಯಿತು, ಆಟ ನಡೆಯಲಿಲ್ಲ. ಇಬ್ಬರೂ ಪ್ರತಿ ಶುಕ್ರವಾರ ನನ್ನ ಎರಡೂ ಬದಿಗೆ ಕುಳಿತು ಬೇರೆಯವರ ಆಟ ನೋಡುತ್ತಿದ್ದರು. ಎರಡು ವರ್ಷ ಹೀಗೆ ಹೋಯಿತು. ಆಮೇಲೆ ಹೋಟೆಲಿನವರು ಲಾಂಡ್ರಿಯನ್ನೇ ಮುಚ್ಚಿದರು, ಪೊರ್ಬುಗಳ ವೀಸಾ ರದ್ದಾಯಿತು. ಈಗ ಅವರು ಕಿನ್ನಿಗೋಳಿಯಲ್ಲಿದ್ದಾರೆ. ಫೋನಿನಲ್ಲಿ ಸಿಗುತ್ತಾರೆ. ಆಮೇಲೆ ನಾನು ಅವರನ್ನು ನೋಡಿಲ್ಲ.

ಅವರು ಹೊರಡುವ ಹಿಂದಿನ ಶುಕ್ರವಾರ ಪಂದ್ಯ ಮುಗಿದು ಎಲ್ಲರೂ ಹೋಗಿದ್ದರು. ರೊಮೆಲ್ ಬ್ಯಾಟು ಎತ್ತಿಕೊಂಡು ಹೋಗಿ ನಿಂತ. "ಎಸೆಯಿರಿ ಕೂಯ. ಇವತ್ತಲ್ಲದಿದ್ದರೆ ಇನ್ನಿಲ್ಲ."

ಪೊರ್ಬುಗಳು ದೂರದಿಂದ ಮೆಲ್ಲಗೆ ಎಸೆದರು. ರೊಮೆಲ್ ಬೀಸಿದ, ತಾಗಲಿಲ್ಲ. ಒಂದೇ ಕಣ್ಣಿಗೆ ಚೆಂಡು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ಪೊರ್ಬುಗಳು ನಾಲ್ಕು ಹೆಜ್ಜೆ ಹತ್ತಿರ ಬಂದರು. ಮತ್ತೆ ತಾಗಲಿಲ್ಲ. ಇನ್ನೂ ಹತ್ತಿರ ಬಂದರು. ಎಂಟನೆಯದೋ ಒಂಬತ್ತನೆಯದೋ ಚೆಂಡಿಗೆ ಅವರಿಬ್ಬರ ನಡುವೆ ಹತ್ತಡಿಯೂ ಇರಲಿಲ್ಲ. ಪೊರ್ಬುಗಳ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. "ಪೊರ್ಬುಗಳೇ, ಸಾಕು, ಹಿಂದೆ ಬನ್ನಿ," ಎಂದು ನಾನು ಕೂಗಿದೆ. ಅವರು ಚೆಂಡು ಎಸೆದರು.

ಈ ಸಲ ತಾಗಿತು. ಚೆಂಡು ಅವರ ಕಿವಿಯ ಪಕ್ಕದಿಂದ ಸುಯ್ ಎಂದು ಹೋಯಿತು. ರೊಮೆಲ್ ಬ್ಯಾಟು ಬಿಸಾಡಿ ಓಡಿ ಬಂದು ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಕೂಯ, ತಾಗಿತಾ?"

"ಇಲ್ಲ ಮಾರಾಯ," ಎಂದರು ಪೊರ್ಬುಗಳು. ಇದ್ದಲ್ಲಿಂದ ಅವರು ಒಂದು ಇಂಚೂ ಕದಲಿರಲಿಲ್ಲ. "ನೀನು ಸ್ವಲ್ಪ ತಡವಾಗಿ ಬೀಸಿದೆ. ಹೋಗಿ ನಿಲ್ಲು, ಇನ್ನೊಂದು ಹಾಕುತ್ತೇನೆ."