ಬಿಳಿ ಅಂಗಿಯ ಮೇಲಿನ ಸಾರು

ರುದ್ರಮ್ಮ ಹನುಮಂತನಗರದ ನರ್ಸಿಂಗ್ ಹೋಮಿನ ಕೆಲಸ ಬಿಟ್ಟಾಗ ಅತ್ತೆಗೆ ನೆಮ್ಮದಿಯಾಗಿತ್ತು. ನೈಟ್ ಡ್ಯೂಟಿಯ ಕಾಟ ತಪ್ಪಿತು, ಸ್ಕೂಲಾದರೆ ಸಂಜೆ ಅಡುಗೆಗೆ ಸಿಗುತ್ತಾಳೆ! ತೊಂಬತ್ತಾರನೆಯ ಇಸವಿಯಲ್ಲಿ ಹೀಗೆ ಬನಶಂಕರಿಯ ಅಂಗವಿಕಲ ಮಕ್ಕಳ ಶಾಲೆಗೆ ಸೇರಿದಳು. ಹೆಸರಿಗೆ ಟೀಚರ್, ಕೈ ಮಾತ್ರ ನರ್ಸಿನದೇ.

ನರ್ಸಿಂಗ್ ಓದುವಾಗ ಒಂದು ಪಾಠವಿತ್ತು: ರೋಗಿಯ ಕೈಲಾಗದ್ದನ್ನು ನೀನು ಮಾಡು, ಅರ್ಧ ಆಗುವುದಕ್ಕೆ ಆಸರೆ ಕೊಡು, ಪೂರಾ ಆಗುವುದಕ್ಕೆ ಕೈ ಹಾಕಬೇಡ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಳು. ವಾರ್ಡಿನಲ್ಲಿ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಒಬ್ಬರ ಬಾಯಿಗೆ ಗಂಜಿ ಹಾಕಿ ಮುಂದಿನ ಮಂಚಕ್ಕೆ ಓಡುವುದು. ಈಗ ಆ ಪಾಠವನ್ನು ಶಿವಲೀಲಾಳಿಗೆ ಊಟ ಕಲಿಸಲು ಹೊರತೆಗೆದಿದ್ದಳು. ಒಂಬತ್ತು ವರ್ಷದ ಹುಡುಗಿ, ಸೆಟೆದುಕೊಂಡ ಕೈಗಳು. ಮೊಣಕೈ ಹಿಡಿದರೆ ಚಮಚ ಬಾಯಿ ಮುಟ್ಟುತ್ತದೆ; ಬಿಟ್ಟರೆ ಅರ್ಧ ಅನ್ನ ಎದೆಯ ಮೇಲೆ. ರುದ್ರಮ್ಮ ಬಿಟ್ಟುಬಿಡುತ್ತಿದ್ದಳು. ಬಿಟ್ಟು, ಸೆರಗಿನ ತುದಿ ಹಿಂಡುತ್ತ ಕೂರುತ್ತಿದ್ದಳು. ಬಚ್ಚಲಿನಿಂದ ಗಂಡ "ಟವಲ್" ಎಂದರೆ ಓಡಿ ಅಭ್ಯಾಸವಾದವಳಿಗೆ ಸುಮ್ಮನೆ ಕೂರುವುದೇ ಕಷ್ಟ.

ಒಂದು ಶನಿವಾರ ಊಟದ ಹೊತ್ತಿಗೇ ಹುಡುಗಿಯ ತಾಯಿ ದಾನಮ್ಮ ಮಗಳನ್ನು ಕರೆದೊಯ್ಯಲು ಬಂದು ನಿಂತಳು.

"ನಾಕ್ ತುತ್ತು ನೀವ ತಿನಿಸಿಬಿಡ್ರಿ ಟೀಚರ್. ಇಲ್ಲಾಂದ್ರ ಸೋಮವಾರದಿಂದ ಆಕಿ ಮನ್ಯಾಗ ಇರ್ತಾಳ."

"ಅವಳ ಕೈಲಿ ಆಗುತ್ತೆ ದಾನಮ್ಮ. ಸ್ವಲ್ಪ ಚೆಲ್ಲುತ್ತೆ, ಅಷ್ಟೇ."

"ಚೆಲ್ಲಾಕಿ ಆಕಿ, ಕಲಿಸೋರು ನೀವು. ಒಗಿಯೋರು ಯಾರು? ಕೆಳಗಿಂದ ಕೊಡ ಹೊತ್ತು ನೀರು ತರ್ತೀನ್ರಿ ನಾನು. ಸಾಲಿಗಂತ ಇರೂದು ಒಂದ ಬಿಳಿ ಅಂಗಿ!"

ರುದ್ರಮ್ಮ ಹುಡುಗಿಯ ಅಂಗಿಯ ಮೇಲಿನ ಸಾರು ನೋಡಿದಳು. ಆ ಪಾಠದಲ್ಲಿ ಬಟ್ಟೆ ಒಗೆಯುವವರ ಸುದ್ದಿಯೇ ಇರಲಿಲ್ಲ.

"ನಾ... ನಾನ ತಿಂತೀನಿ," ಎಂದಳು ಶಿವಲೀಲಾ, ಬಾಯ್ತುಂಬ ಅನ್ನ ಇಟ್ಟುಕೊಂಡು. ದಾನಮ್ಮ ಮುಖ ಆಚೆ ತಿರುಗಿಸಿದಳು.

ಹೊರಗೆ ಸ್ಕೂಟರಿನ ಹಾರ್ನ್ ಬಿಡದೆ ಬಡಿದುಕೊಳ್ಳುತ್ತಿತ್ತು. ಹುಡುಗಿಯ ಅಪ್ಪ ಸಂಗಮೇಶ.

"ಅವರು ಮನೇಲೇನು ಮಾಡ್ತಾರೆ?" ರುದ್ರಮ್ಮ ಕೇಳಿದಳು.

"ಪೇಪರ್ ಓದ್ತಾರ್ರಿ."

"ಕೈಗೇನೂ ಆಗಿಲ್ವಲ್ಲ?"

ದಾನಮ್ಮ ಬೆಚ್ಚಿ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

ರುದ್ರಮ್ಮ ಹುಡುಗಿಗೆ ಶಾಲೆಯ ಹಳೇ ಫ್ರಾಕು ತೊಡಿಸಿ, ಸಾರಿನ ಅಂಗಿಯನ್ನು ಗೇಟಿಗೇ ಒಯ್ದು ಸಂಗಮೇಶನ ಕೈಗಿಟ್ಟಳು.

"ಸೋಪಿನ ನೀರಲ್ಲಿ ನೆನೆಸಿಟ್ಟು ಉಜ್ಜಿ ಸಾರ್. ಅರಿಶಿನದ ಕಲೆ, ಬಿಸಿಲಿಗೆ ಹಾಕಿದ್ರೆ ಹೋಗುತ್ತೆ."

"ನಾನಾ? ಆಕಿ ಅದಾಳಲ್ರಿ ಮೇಡಂ."

"ಅವರು ನೀರು ಹೊರ್ತಾರಲ್ಲ."

ಎರಡು ಬೆರಳಲ್ಲಿ ಕಾಲರ್ ಹಿಡಿದು ಅವನು ಹೆಂಡತಿಯ ಕಡೆ ನೋಡಿದ. ಅವಳು ಮಗಳನ್ನು ಸೀಟಿನ ಮೇಲೆ ಸರಿಯಾಗಿ ಕೂರಿಸುವುದರಲ್ಲಿದ್ದಳು.

ಅತಿಯಾಯಿತೇನೋ ಎನಿಸಿತು ರುದ್ರಮ್ಮನಿಗೆ. "ಸೋಮವಾರ ಬರ್ತಾಳಲ್ವಾ?"

"ಅಂಗಿ ಒಣಗಿದ್ರ ಬರ್ತಾಳ್ರಿ," ಎಂದಳು ದಾನಮ್ಮ, ಗಂಡನಿಗೆ ಚೆನ್ನಾಗಿ ಕೇಳುವ ಹಾಗೆ.