ಕುದಿಸಿದ ಸ್ಪಂಜು

ಗೋಕಾಕದ ನಮ್ಮ ಮನೆಗೆ ಮೀನಿನ ತೊಟ್ಟಿ ತಂದವಳು ನಾನೇ. ತೊಂಬತ್ತರ ದಶಕದ ಕೊನೆ. ಸಂಕೇಶ್ವರದಲ್ಲಿದ್ದ ನನ್ನ ತಮ್ಮ ಮನೆ ಬದಲಿಸುವಾಗ ತೊಟ್ಟಿಯನ್ನೂ ಅದರಲ್ಲಿದ್ದ ಏಳು ಹೊಂಬಣ್ಣದ ಮೀನುಗಳನ್ನೂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದ. ನನಗೇ ಬೇಕೆಂದು ಹಟ ಹಿಡಿದೆ. ಜೈನರ ಮನೆಯಲ್ಲಿ ಮೀನೇ ಎಂದು ಓಣಿಯವರು ಮೂಗು ಮುರಿದರು. ಅತ್ತೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ, "ಇಟ್ಕೋ ಯವ್ವಾ. ಆದ್ರ ನಿನ್ನ ಕೈಯಾಗ ಒಂದ ಜೀವಾನೂ ಹೋಗಬಾರ್ದು ನೋಡು," ಅಂದರು.

"ಹೋಗೂದಿಲ್ರಿ," ಅಂದೆ. ಎಂಥ ಧೈರ್ಯ ನನ್ನದು!

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ತೊಟ್ಟಿಯ ಮೂಲೆಯಲ್ಲಿ ಫಿಲ್ಟರ್ ಡಬ್ಬಿ, ಅದರೊಳಗೆ ಒಂದು ಸ್ಪಂಜು, ಪಿಂಗಾಣಿಯ ಸಣ್ಣ ಸಣ್ಣ ಉಂಗುರಗಳು. ಮೋಟಾರು ಗುರ್ರೆನ್ನುತ್ತ ನೀರನ್ನು ಅವುಗಳ ಮೂಲಕ ಹಾಯಿಸುತ್ತಿತ್ತು. ಬರಬರುತ್ತ ಅತ್ತೆಗೂ ಮೀನುಗಳ ಮೋಹ ಹತ್ತಿತು. ಬಸದಿಯಿಂದ ಬಂದವರೇ, "ಏನ್ ಡೊಳ್ಳಹೊಟ್ಟಿ, ನಾಷ್ಟಾ ಆತೇನು?" ಎಂದು ದೊಡ್ಡದನ್ನು ಮಾತಾಡಿಸುತ್ತಿದ್ದರು.

ಭಾದ್ರಪದದ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ನಮ್ಮ ಮನೆಯಲ್ಲಿ ಸೋಸಿ ಕುದಿಸಿದ ನೀರೇ ಎಲ್ಲದಕ್ಕೂ. ಹಿಂದಿನ ದಿನ ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿ ತೊಳೆದೆ. ತೊಳೆಯುವ ಹುಚ್ಚು ಹಿಡಿದರೆ ನಾನು ಯಾರ ಮಾತನ್ನೂ ಕೇಳುವವಳಲ್ಲ. ಫಿಲ್ಟರ್ ಬಿಚ್ಚಿದರೆ ಸ್ಪಂಜಿನ ತುಂಬ ಕಂದು ಲೋಳೆ. ಛೀ! ಪರ್ವದಲ್ಲಿ ಈ ಹೊಲಸೇ? ಅದನ್ನೂ ಉಂಗುರಗಳನ್ನೂ ಕುದಿಯುವ ಹಂಡೆಗೆ ಹಾಕಿದೆ. ಹೊಸದರಂತೆ ಹೊಳೆದವು.

ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನಾನೊಬ್ಬ ಮೂರ್ಖಳು, ನೀರನ್ನೆಲ್ಲ ಚೆಲ್ಲಿ, ಸ್ಪಂಜನ್ನು ಇನ್ನೊಮ್ಮೆ ಕುದಿಸಿದೆ. ಮರುದಿನ ಮೂರು ಸತ್ತವು. ಸಾಕುಮೀನು ಮಾರುವ ಅಂಗಡಿಗೆ ಓಡಿದೆ.

ಅಂಗಡಿಯವ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯ ಅಕ್ಕಾರ, ಅದನ್ಯಾಕ ಕುದಿಸಿದ್ರಿ? ಆ ಲೋಳ್ಯಾಗ ಕಣ್ಣಿಗೆ ಕಾಣಲಾರದ ಜೀವ ಇರ್ತಾವ್ರಿ, ಲೆಕ್ಕ ಇಲ್ಲದಷ್ಟು. ಮೀನಿನ ಹೊಲಸಿನ ವಿಷ ತಿಂದು ನೀರ ಕಾಯೋವು ಅವ. ತೊಟ್ಟಿ ನೀರಾಗ ಒಮ್ಮಿ ಅದ್ದಿ ಹಿಂಡಿದ್ರ ಸಾಕಿತ್ತು."

ಮನೆಗೆ ಬಂದರೆ ಇನ್ನೆರಡು ತೇಲುತ್ತಿದ್ದವು. ಮರುದಿನಕ್ಕೆ ತೊಟ್ಟಿ ಖಾಲಿ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. "ಇಡಾಕ ಹೂಂ ಅಂದಾಕಿ ನಾನು. ಪಾಪ ನಂದು," ಎಂದು ಒಂದೊಂದು ಮೀನಿಗೆ ಒಂದೊಂದು ದಿನದ ಉಪವಾಸ ಹಿಡಿದರು. ಎಪ್ಪತ್ತು ದಾಟಿದ ಜೀವ! ದಿನಕ್ಕೊಮ್ಮೆ ಬಿಸಿನೀರು, ಅಷ್ಟೇ. ತಪ್ಪು ನನ್ನದೆಂದು ನಾನೂ ಉಪವಾಸ ಕೂತು, ಎರಡನೆಯ ದಿನವೇ ತಲೆ ತಿರುಗಿ ಬಿದ್ದು, ನಾಚಿಕೆಯಿಂದ ಗಂಜಿ ಕುಡಿದೆ.

ಏಳನೆಯ ದಿನ ಅವರಿಗೆ ಏಳಲಾಗಲಿಲ್ಲ. ಬೆನ್ನಿಗೆ ಕೈಕೊಟ್ಟು ಕೂರಿಸಿದೆ. ಸೀರೆಯೊಳಗೆ ಬರೀ ಎಲುಬು. ಅವರು ನನ್ನ ಮುಖ ನೋಡಿ ಕೇಳಿದರು:

"ಏಳ ಹೌದಲ್ಲ ಯವ್ವಾ? ಮತ್ಯಾವ ಜೀವಾನೂ ಹೋಗಿಲ್ಲಲ್ಲ?"

ಸ್ಪಂಜಿನ ಲೋಳೆಯಲ್ಲಿ ಲೆಕ್ಕ ಇಲ್ಲದಷ್ಟು ಜೀವಗಳಿದ್ದವೆಂದು ಅಂಗಡಿಯವ ಹೇಳಿದ್ದು ನೆನಪಾಯಿತು. ಹೇಳಿದರೆ ಅವಕ್ಕೂ ಉಪವಾಸ ಹಿಡಿಯುವವರು ಅವರು.

"ಇಲ್ರಿ," ಅಂದೆ. "ಏಳ."