ಬೆಳಗಿನ ಬಸ್ಸಿನ ಲಾಯರಕ್ಕ

ಸೆಲ್ವಿ ಅಕ್ಕನ ಎದುರು ಯಾರೂ ಒಂದು ಸುದ್ದಿಯನ್ನು ನೆಟ್ಟಗೆ ಹೇಳಿ ಮುಗಿಸಿದ್ದಿಲ್ಲ. ‘ಮೂಲೆಮನೆಯ ಸೊಸೆ ಅತ್ತೆಯ ಬಳೆ ಕದ್ದುಕೊಂಡು ತವರಿಗೆ ಹೋದಳಂತೆ’ ಎಂದು ಶುರು ಮಾಡಿದರೆ ಸಾಕು, ಬಾಯಿಗೆ ಹೊರಟ ಮಂಡಕ್ಕಿ ಅವರ ಮುಷ್ಟಿಯಲ್ಲೇ ನಿಲ್ಲುತ್ತಿತ್ತು.

“ನೀನು ನೋಡಿದ್ಯಾ?”

“ಇಲ್ಲ ಅಕ್ಕ, ಹಾಲಿನವಳು ಹೇಳಿದ್ಲು.”

“ಅವಳು ನೋಡಿದ್ಲಾ?”

ಅಲ್ಲಿಗೆ ನಮ್ಮ ಸುದ್ದಿಯ ಗಾಳಿ ಇಳಿದುಹೋಗುತ್ತಿತ್ತು. ಊರ ಉಸಾಬರಿ ಮಾತಾಡುವ ಸುಖವನ್ನೇ ಈ ಹೆಂಗಸು ಕಸಿದುಕೊಂಡಳಲ್ಲ ಎಂದು ನನಗೆ ಬಹಳ ದಿನ ಸಿಟ್ಟಿತ್ತು.

ನಾನು ಶಿವಮೊಗ್ಗದ ಕೋಟೆ ಬೀದಿಯಲ್ಲಿ ಹುಟ್ಟಿ, ಮದುವೆಯಾಗಿ ಭದ್ರಾವತಿ ಸೇರಿದವಳು. ಕೆಲಸ ಮಾತ್ರ ಶಿವಮೊಗ್ಗದ ಒಂದು ಕಾಲೇಜಿನ ಆಫೀಸಿನಲ್ಲಿ. ಹಾಗಾಗಿ ದಿನಾ ಬೆಳಿಗ್ಗೆ ಬಸ್ಸು. ಸೆಲ್ವಿ ಅಕ್ಕ ಶಿವಮೊಗ್ಗದ ಕೋರ್ಟಿನಲ್ಲಿ ವಕೀಲೆ, ಅವರದೂ ಅದೇ ಬಸ್ಸು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಅಕ್ಕ ಹುಟ್ಟಿದ್ದು ಬೆಳೆದದ್ದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ಸಿಟ್ಟಿಗೆ ತಮಿಳು, ವಾದಕ್ಕೆ ಕನ್ನಡ, ಹಣ್ಣಿನ ಗಾಡಿಯವರ ಹತ್ತಿರ ಚೌಕಾಸಿಗೆ ಉರ್ದು. ಕರಿ ಕೋಟನ್ನು ಮಡಚಿ ತರಕಾರಿ ಚೀಲದಲ್ಲಿ ಹಾಕಿಕೊಂಡು, ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು. ಬಸ್ಸು ಹೊರಡುವಷ್ಟರಲ್ಲಿ ಪ್ರಶ್ನೆಗಳು ಶುರು. ಪೊಲೀಸರು ಹಿಡಿದುಕೊಂಡು ಹೋದರೆ ಏನು ಮಾಡಬೇಕು? “ಯಾಕೆ ಹಿಡಿದ್ರಿ ಅಂತ ಕೇಳು. ಹೇಳಲೇಬೇಕು ಅವರು. ಮನೇಗೆ ತಿಳಿಸಿ ಅನ್ನು. ಕೂಗಾಡಬೇಡ, ಓಡಬೇಡ, ಓದದೆ ಸೈನ್ ಮಾಡಬೇಡ.” ಒಮ್ಮೆ ಚಿಲ್ಲರೆ ಜಗಳದಲ್ಲಿ ಯಾರೋ ಕಂಡಕ್ಟರನ್ನು ‘ಫೋರ್ ಟ್ವೆಂಟಿ’ ಎಂದು ಬೈದರು. ಅಕ್ಕ ತಿರುಗಿ, “ಹೊಸ ಕಾನೂನು ಬಂದಿದೆ ಮಾರಾಯ, ಮೋಸಕ್ಕೀಗ ತ್ರೀ ಒನ್ ಎಯ್ಟ್. ಬೈಯೋದಾದ್ರೆ ಸರಿಯಾಗಿ ಬೈಯಿ” ಎಂದರು. ಬೈಸಿಕೊಂಡ ಕಂಡಕ್ಟರೂ ನಕ್ಕುಬಿಟ್ಟ.

ನಗುವಿನ ಹೆಂಗಸೇನೋ ಹೌದು, ಆದರೆ ಅವರ ಇನ್ನೊಂದು ಮುಖವನ್ನೂ ಅದೇ ಬಸ್ಸಿನಲ್ಲಿ ನೋಡಿದೆ. ಒಂದು ದಿನ ರೇಷ್ಮೆ ಸೀರೆಯ ಹೆಂಗಸೊಬ್ಬರು ಸರ ಹೋಯಿತೆಂದು ಬೊಬ್ಬೆ ಹಾಕಿದರು. ಪಕ್ಕದಲ್ಲಿ ನಿಂತಿದ್ದವಳು ಅಡಿಕೆ ಸುಲಿಯಲು ಹೊರಟ ಕೂಲಿ ಹೆಂಗಸು. ಎಲ್ಲರ ಕಣ್ಣೂ ಅವಳ ಮೇಲೆಯೇ. ‘ಸೆರಗು ಕೊಡವಿ ನೋಡಿ’ ಎಂದರೊಬ್ಬರು. ನಾನೂ ಗೋಣು ಆಡಿಸಿರಬೇಕು. ಸೆಲ್ವಿ ಅಕ್ಕ ಎದ್ದು ಆ ಹೆಂಗಸಿನ ಮುಂದೆ ಅಡ್ಡ ನಿಂತರು. “ಇವರ ಮೈ ಮುಟ್ಟಿದ್ರೆ ನಿಮ್ಮ ಮೇಲೇ ಕೇಸು. ಅನುಮಾನ ಇದ್ರೆ ಬಸ್ಸು ಸ್ಟೇಷನ್ನಿಗೆ ಹೋಗ್ಲಿ, ಹೆಣ್ಣು ಪೊಲೀಸ್ ಬಂದು ನೋಡ್ತಾರೆ. ಯಾರಾದ್ರೂ ಕಂಡ್ರಾ ಇವರು ಕದ್ದಿದ್ದು?” ಯಾರೂ ಕಂಡಿರಲಿಲ್ಲ. ಅಷ್ಟರಲ್ಲಿ ಸರ ಆ ರೇಷ್ಮೆ ಸೀರೆಯವರ ಸ್ವೆಟರಿನ ಒಳಮಡಿಕೆಯಲ್ಲೇ ಸಿಕ್ಕಿಕೊಂಡಿದ್ದು ಕಂಡಿತು. ಕೂಲಿ ಹೆಂಗಸು ಇಳಿಯುವವರೆಗೂ ಅಕ್ಕನ ಕೈ ಬಿಡಲಿಲ್ಲ.

ಇಷ್ಟಾದರೂ ಕಾನೂನೆಂದರೆ ನನಗೆ ಬಸ್ಸಿನ ಹೊತ್ತು ಕಳೆಯುವ ಮಾತೇ ಆಗಿತ್ತು, ಅದು ನಮ್ಮ ಮನೆಯ ಬಾಗಿಲಿಗೇ ಬರುವವರೆಗೆ.

ನನ್ನ ತಮ್ಮ ಮಂಜುನಾಥ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಅದೇ ಹೊತ್ತಿಗೆ ನಮ್ಮ ತವರಿನ ಎದುರುಮನೆಯ ನಾಗರಾಜಪ್ಪನವರಿಗೂ ಅವರ ಬಾಡಿಗೆದಾರನಿಗೂ ಚರಂಡಿ ವಿಷಯಕ್ಕೆ ಕೈ ಕೈ ಮಿಲಾಯಿಸಿತು. ಮಂಜು ಬಿಡಿಸಲು ಹೋಗಿ ನಾಗರಾಜಪ್ಪನವರ ಕೈ ಹಿಡಿದುಕೊಂಡ. ಆ ಗಳಿಗೆಯಲ್ಲೇ ಬಾಡಿಗೆದಾರ ಅವರ ಕೆನ್ನೆಗೆ ಬಾರಿಸಿದ. ನಾಗರಾಜಪ್ಪನವರ ಸಿಟ್ಟೆಲ್ಲ ಕೈ ಹಿಡಿದವನ ಮೇಲೆ ತಿರುಗಿತು. ಇಬ್ಬರೂ ಸೇರಿ ಹೊಡೆದರು, ಕೊಲ್ಲುತ್ತೇವೆಂದು ಹೆದರಿಸಿದರು ಎಂದು ದೂರು ಕೊಟ್ಟರು. ಬಾಡಿಗೆದಾರ ಹೊಡೆದದ್ದು ನಿಜ, ಅವನು ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿ ಮನೆ ಖಾಲಿ ಮಾಡಿದ.

ನಮ್ಮ ಸೋದರಮಾವ, ಮನೆಯ ಹಿರಿಯರು, ಮಂಜುವಿಗೂ ಅದೇ ದಾರಿ ತೋರಿಸಿದರು. “ಹೊಡೆದ್ಯೋ ಬಿಟ್ಯೋ, ದೊಡ್ಡೋರ ಮುಂದೆ ತಪ್ಪಾಯ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ದಂಡ ಬಿಸಾಕಿ ಊಟದ ಹೊತ್ತಿಗೆ ಮನೇಗೆ ಬಾ.” ನಮ್ಮಲ್ಲಿ ಇದು ಹೊಸದಲ್ಲ. ಮಕ್ಕಳು ಜಗಳವಾಡಲಿ, ಸೊಸೆ ಮುನಿಸಿಕೊಳ್ಳಲಿ, ಯಾರದು ಸರಿ ಎಂದು ಕೇಳುವ ಗೋಜಿಲ್ಲ. ಕಿರಿಯರು ತಪ್ಪಾಯಿತೆಂದು ಕಾಲು ಮುಟ್ಟಿದರೆ ಎಲ್ಲ ಬಗೆಹರಿಯುತ್ತದೆ. ಕೋರ್ಟೂ ಹಾಗೆಯೇ ಇರುತ್ತದೆಂದು ನಾವು ತಿಳಿದಿದ್ದೆವು.

ಮರುದಿನ ಬಸ್ಸಿನಲ್ಲಿ, ನಾಡಿದ್ದು ತಮ್ಮನ ಕೇಸು ಮುಗಿದುಹೋಗುತ್ತದೆ ಎಂದು ನಾನೇ ಖುಷಿಯಿಂದ ಹೇಳಿದೆ. ಅಕ್ಕ ಮಂಡಕ್ಕಿ ಪೊಟ್ಟಣ ಸುತ್ತಿಟ್ಟರು.

“ಅವನು ಹೊಡೆದಿದಾನಾ?”

“ಇಲ್ಲ ಅಕ್ಕ. ಬಿಡಿಸೋಕೆ ಹೋಗಿದ್ದ ಅಷ್ಟೆ.”

“ಮತ್ಯಾಕೆ ಮಾರಾಯ್ತಿ ಒಪ್ಕೋತಾನೆ? ದಂಡ ಕಟ್ಟಿದ್ರೆ ಕೇಸು ಮುಗಿಯುತ್ತೆ ನಿಜ. ಇವನು ಅಪರಾಧಿ ಅಂತ ಬರೆದೇ ಮುಗಿಯೋದು. ನಾಳೆ ಕೆಲಸದೋರು ಕೇಳಿದ್ರೆ ಮಾವನ್ನ ತೋರಿಸ್ತೀರಾ?”

ಅಂದು ಸಂಜೆಯೇ ಅಕ್ಕ ನಮ್ಮ ತವರಿಗೆ ಬಂದರು. ಸುಳ್ಳು ಭರವಸೆ ಕೊಡಲಿಲ್ಲ. “ಕೇಸು ನಡೆಸಿದ್ರೆ ತಡ ಆಗುತ್ತೆ. ಅಷ್ಟು ದಿನ ಕೆಲಸದ ಆರ್ಡರ್ ನಿಲ್ಲಬಹುದು. ಕೈ ತಪ್ಪಿದ್ರೂ ತಪ್ಪಬಹುದು. ಆದ್ರೆ ಮಾಡದೆ ಇರೋದನ್ನ ಮಾಡಿದೆ ಅಂತ ಒಪ್ಕೊಂಡ್ರೆ ಅದು ಜೀವಮಾನ ಬೆನ್ನಿಗಿರುತ್ತೆ. ಇನ್ನೊಂದು, ಕೇಸು ಇರೋದನ್ನ ವೆರಿಫಿಕೇಶನ್ನಲ್ಲಿ ಮುಚ್ಚಿಡಬೇಡ.” ಮಂಜು ಅಮ್ಮನ ಮುಖ ನೋಡಿದ. ಅಮ್ಮ, “ನೀನು ಹೊಡೆದಿಲ್ಲ ಅಂದ್ಮೇಲೆ ಹೊಡೆದಿಲ್ಲ ಅಂತ್ಲೇ ಹೇಳು” ಎಂದಳು.

ಆಮೇಲೆ ತಾಲೀಮು. ಅಕ್ಕ ಸಿಡುಕುತ್ತಿದ್ದ ಮಾವನನ್ನೇ ಕುರ್ಚಿಯಲ್ಲಿ ಕೂರಿಸಿ ಜಡ್ಜ್ ಮಾಡಿದರು. ಮಾವ ಗಂಟಲು ಸರಿಮಾಡಿಕೊಂಡು, “ಏನಯ್ಯ, ನಾಗರಾಜಪ್ಪಂಗೆ ಹೊಡೆದ್ಯಾ?” ಎಂದರು. ಮಂಜು ಕೈ ಮುಗಿದು, “ತಪ್ಪಾಯ್ತು ಮಾವ” ಎಂದುಬಿಟ್ಟ! ಅಮ್ಮ ನಕ್ಕಳು, ಅಕ್ಕ ಹಣೆ ಚಚ್ಚಿಕೊಂಡು ತಮಿಳಿನಲ್ಲಿ ಮುರುಗನನ್ನು ಕರೆದರು. “ಕೈ ಮುಗಿ, ಬೇಡ ಅನ್ನಲ್ಲ. ಮರ್ಯಾದೆ ಬೇರೆ, ಒಪ್ಕೊಳ್ಳೋದು ಬೇರೆ. ಇನ್ನೊಂದ್ಸಲ!” ಕತ್ತಲಾಗುವವರೆಗೂ ಅವನು ಕೈ ಮುಗಿಯುತ್ತಲೇ ‘ಇಲ್ಲ’ ಅನ್ನುವುದನ್ನು ಕಲಿತ.

ಕೋರ್ಟಿನಲ್ಲಿ ಅವನು ಕೈ ಮುಗಿದ. “ಇಲ್ಲ ಸ್ವಾಮಿ. ನಾನು ಹೊಡೆದಿಲ್ಲ, ಹೆದರಿಸಿಲ್ಲ, ಬಿಡಿಸೋಕೆ ಹೋಗಿದ್ದೆ.” ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತ.

ವಿಚಾರಣೆ ಎಳೆದಾಡಿತು. ಅವನ ಜೊತೆ ಆಯ್ಕೆಯಾದವರು ಖಾಕಿ ಹಾಕಿಕೊಂಡು ಡ್ಯೂಟಿಗೆ ಹೋಗುವುದನ್ನು ನೋಡುತ್ತ ಅವನು ಅಡಿಕೆ ಮಂಡಿಯಲ್ಲಿ ಮೂಟೆ ಗಾಡಿ ಓಡಿಸಿಕೊಂಡಿದ್ದ. ಮಾವ ನನ್ನೊಂದಿಗೆ ಮಾತು ಬಿಟ್ಟರು. ಅಕ್ಕನನ್ನು ನಂಬಿ ತಮ್ಮನ ಅನ್ನಕ್ಕೆ ಕಲ್ಲು ಹಾಕಿದೆನೇನೋ ಎಂದು ನಾನೂ ಎಷ್ಟೋ ಸಲ ಹೆದರಿದ್ದೇನೆ. ಕೊನೆಗೆ ಸಾಕ್ಷಿಗೆ ಬಂದ ಮೂಲೆ ಅಂಗಡಿಯ ಶೆಟ್ಟರನ್ನು ಅಕ್ಕ ಕೇಳಿದ್ದು ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ. ಶೆಟ್ಟರು ದೇವರಂಥವರು. “ಗಲಾಟೆ ಕೇಳಿಸ್ತಮ್ಮ. ಇವನು ಹೊಡೆದಿದ್ದು ಕಾಣಲಿಲ್ಲ, ಜನ ಅಂದ್ರು” ಎಂದರು. ಗಲಾಟೆಯ ದಿನ ಬೆದರಿಕೆಯ ಮಾತೇ ಎತ್ತದೆ, ಆಮೇಲೆ ದೂರಿನಲ್ಲಿ ಅದನ್ನು ಸೇರಿಸಿದ್ದ ನಾಗರಾಜಪ್ಪನವರೂ ಅಕ್ಕನ ಪ್ರಶ್ನೆಗಳಿಗೆ ತಡವರಿಸಿದರು. ಮಂಜುವಿನ ಬಿಡುಗಡೆಯಾಯಿತು. ಕೆಲಸದ ಆರ್ಡರ್ ಮತ್ತೂ ಸತಾಯಿಸಿ, ಬಂತು. ಅಂದು ಮಾವನೇ ಸೇಬು, ಮೈಸೂರುಪಾಕು ಹಿಡಿದುಕೊಂಡು ಅಕ್ಕನ ಮನೆಗೆಂದು ಭದ್ರಾವತಿಯ ಬಸ್ಸು ಹತ್ತಿದರು.

ಈ ವರ್ಷದ ಚಳಿಯಲ್ಲಿ ಸೆಲ್ವಿ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಮಂಜು ಡ್ಯೂಟಿ ಬದಲಾಯಿಸಿಕೊಂಡು ಬಂದ. ಕ್ವಾರ್ಟರ್ಸಿನ ಬೀದಿ ತುಂಬ ಜನ. ಆ ಗುಂಪಿನಲ್ಲಿ ಹಾರ ಹಿಡಿದು ನಿಂತ ನಾಗರಾಜಪ್ಪನವರನ್ನು ಕಂಡು ನನಗೆ ಮೈ ಉರಿಯಿತು. ಇವರಿಗೇನು ಕೆಲಸ ಇಲ್ಲಿ ಎಂದು ಮುಖಕ್ಕೇ ಕೇಳಿದೆ.

ಅವರು ತಲೆ ಎತ್ತಲಿಲ್ಲ. “ಹೋದ ವರ್ಷ ನನ್ನ ಮಗನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದ್ರಮ್ಮ, ಅವನು ಮಾಡದೆ ಇದ್ದ ಕಳ್ಳತನಕ್ಕೆ. ಯಾರ ಹತ್ರ ಹೋಗ್ಲಿ? ನನ್ನ ಸುಳ್ಳನ್ನ ಕೋರ್ಟಲ್ಲಿ ಬಿಡಿಸಿ ತೋರಿಸ್ದೋರು ಇವರು. ಸುಳ್ಳು ಕೇಸು ಅಂದ್ರೆ ಇವರಿಗೆ ಗೊತ್ತಾಗುತ್ತೆ ಅಂತ ಇವರ ಬಾಗಿಲಿಗೇ ಬಂದೆ. ಒಳಗೆ ಕರೆದು ಕೂರಿಸಿ, ಊಟ ಆಯ್ತಾ ಅಂತ ಕೇಳಿದ್ರು. ಹುಡುಗ ಈಗ ಮನೇಲಿದಾನೆ.”

ಚಟ್ಟ ಎತ್ತುವ ಹೊತ್ತಾಗಿತ್ತು. ಮಂಜು ಮುಂದಿನ ಬಿದಿರಿಗೆ ಹೆಗಲು ಕೊಟ್ಟವನು ತಿರುಗಿ ನೋಡಿದ. ಆಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು, “ಬನ್ನಿ ನಾಗರಾಜಣ್ಣ, ಹಿಡ್ಕೊಳ್ಳಿ” ಎಂದ.